ನಂಬರ್ ನಲವತ್ಮೂರು

ಮೂಲೆಯ ಧೂಳು ಫೋಟೊದಲ್ಲಿ ಕಾಣದಂತೆ
ಬೂಟುಗಳನ್ನು ಟವೆಲಿನ ಮೇಲೆ ಕೂರಿಸಿ
ನಾಲ್ಕು ಸಲ ತೆಗೆದು, ಐದನೆಯದನ್ನು ಹಾಕಿದೆ.
'ಸ್ಕೀ ಬೂಟು. ನಲವತ್ಮೂರು. ಹೆಚ್ಚು ಬಳಸಿಲ್ಲ.
ಮೂವತ್ತು ಯೂರೋ.'
ಹೆಚ್ಚು ಬಳಸಿಲ್ಲ ಅನ್ನುವುದು
ಬೂಟಿನ ಗುಣವೋ ನನ್ನ ದೋಷವೋ
ಕೇಳುವವರಿಲ್ಲ, ಪುಣ್ಯ.

ಮೊದಲು ಒಬ್ಬಳು ಬರೆದಳು: ಇದೆಯಾ?
ಇದೆ ಅಂದೆ. ಆಮೇಲೆ ಅವಳೇ ಇಲ್ಲ.
ಇನ್ನೊಬ್ಬ, ಹತ್ತಕ್ಕೆ ಕೊಡಿ, ಕೆಮಿಯಿಂದ ಬರಬೇಕು,
ಪೆಟ್ರೋಲು ನೀವೇ ಲೆಕ್ಕ ಹಾಕಿ ಅಂದ.
ಹಾಕಿದೆ, ರಾತ್ರಿ ಕೂತು.
ಕೊನೆಗೆ ನಾನೇ ಅವನಿಗೆ ಹದಿನೇಳು ಯೂರೋ ಬಾಕಿ.

ಮೂರನೆಯವರು ಇಲ್ಮೊ.
ಹೆಸರಿನ ಪಕ್ಕ ಮುಖವಿರಲಿಲ್ಲ, ಒಂದು ಮೀನು.
ಇಪ್ಪತ್ತೈದು ಆಗಬಹುದಾ ಅಂದರು.
ಆಗಬಹುದು ಅಂದೆ.
ಅಷ್ಟು ಬೇಗ ಮುಗಿದದ್ದಕ್ಕೆ ಇಬ್ಬರಿಗೂ
ಒಂದಿಷ್ಟು ಬೇಜಾರಾಗಿರಬೇಕು.

ಔಲುವಿನ ಮಾರ್ಚ್ ಸಂಜೆ, ಹೊರಗೆ ಮೈನಸ್ ಹದಿನಾಲ್ಕು.
ಒಳಗೆ ಕರೆದರೆ ಕಾಫಿ ಕೊಡಬೇಕು,
ಕಾಫಿ ಕೊಟ್ಟ ಮೇಲೆ ದುಡ್ಡು ಕೇಳುವುದು ಹೇಗೆ?
ಮೆಟ್ಟಿಲ ಬುಡದಲ್ಲೇ ಆಗಲಿ ಎಂದು
ಬೂಟು ಬಗಲಲ್ಲಿಟ್ಟು ಇಳಿದೆ,
ಕದ್ದ ಮಾಲು ಸಾಗಿಸುವವಳ ಹಾಗೆ.

ಅರವತ್ತರ ಆಸುಪಾಸು. ಮೀನಿಗಿಂತ ಒಳ್ಳೆಯ ಮುಖ.
ಮೂರನೇ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದರು.
ಕಾಲುಚೀಲದ ತೂತಿನಿಂದ ಹೆಬ್ಬೆರಳು,
ಜಗಳ ಕೇಳಿ ಇಣುಕುವ ಪಕ್ಕದ ಮನೆಯವನಂತೆ,
ಹೊರಗೆ ಬಂತು.
ನಾನು ಅಂಚೆಪೆಟ್ಟಿಗೆಗಳ ಮೇಲಿನ ಹೆಸರು ಓದತೊಡಗಿದೆ:
ಹೌತಮಾಕಿ, ರೌಹಲಾ, ಮತ್ತೆ ಹೌತಮಾಕಿ.

ಅಷ್ಟರಲ್ಲಿ ದೀಪ ಆರಿತು.
ನಮ್ಮ ಮೆಟ್ಟಿಲ ದೀಪಕ್ಕೆ ತಾಳ್ಮೆ ಕಮ್ಮಿ,
ಯಾರೂ ಅಲುಗದಿದ್ದರೆ ಯಾರೂ ಇಲ್ಲ ಅಂದುಕೊಳ್ಳುತ್ತದೆ.
ಕತ್ತಲಲ್ಲಿ ಇಬ್ಬರೂ ಕೈ ಬೀಸಿದೆವು.
ಬೆಳಕು ಬಂದಾಗ ಎದುರುಬದುರು, ಕೈ ಮೇಲೆ,
ಯಾವುದೋ ರೈಲನ್ನು ಬೀಳ್ಕೊಡುವವರಂತೆ.

ಬೂಟಿನೊಳಗೆ ನನ್ನ ಪಾದದ ಅಚ್ಚು ಇತ್ತು.
ಎರಡೇ ಸಲ ಹಾಕಿದ್ದು, ಆದರೂ ಇತ್ತು.
ಅದರ ಮೇಲೆ ಅವರ ಕಾಲು ನಿಧಾನ ಇಳಿಯಿತು.
ನನ್ನ ಮೈ ಹಿಡಿಯಷ್ಟಾಯಿತು.
ಡಾಕ್ಟರಿಗೂ ತೋರಿಸಲು ನಾಚುವ ಪಾದ ಇದು,
'ಗಂಡಸರದು ಆ ಕಡೆ' ಎಂದು
ಅಂಗಡಿಯ ಹುಡುಗಿಯರು ದಾರಿ ತೋರಿಸಿದ ಪಾದ.

'ಸರಿಯಾಗಿದೆ,' ಅಂದರು. 'ನಿಮ್ಮ ಯಜಮಾನರದಾ?'

ಹೂಂ ಅಂದೆ.
ಒಂದೇ ಅಕ್ಷರ. ಅಷ್ಟರಲ್ಲಿ ಮದುವೆ ಆಗಿಹೋಯಿತು.
'ಯಾಕೆ ಮಾರುತ್ತಿದ್ದಾರೆ?'
'ಮಂಡಿನೋವು.'
'ಎಡವಾ, ಬಲವಾ?'
'ಎಡ.'
'ನನಗೂ ಎಡವೇ ಇತ್ತು,' ಎಂದವರೇ
ಈಜು, ಶಾಖ, ಮಲಗುವಾಗ ಕೆಳಗೊಂದು ದಿಂಬು,
ಎಲ್ಲ ವಿವರಿಸಿದರು, ಸ್ವಂತ ಪ್ಯಾಂಟಿನ ಮೇಲೆ
ಬೆರಳಿಟ್ಟು ತೋರಿಸುತ್ತ, ಇಲ್ಲಿ, ಇಲ್ಲಿ ಒತ್ತಬೇಕು.
ಇಲ್ಲದ ಗಂಡನ ಮಂಡಿಗೆ ಇಷ್ಟು ಆರೈಕೆ.
ದೀಪ ಇನ್ನೆರಡು ಸಲ ಆರಿತು.

ಇಪ್ಪತ್ತರದೊಂದು ನೋಟು, ಐದರದೊಂದು. ಬೆಚ್ಚಗಿದ್ದವು.
ಎಣಿಸಿದರೆ ಅನುಮಾನ, ಎಣಿಸದಿದ್ದರೆ ದಡ್ಡತನ,
ಮಡಚಿ ಸ್ವೆಟರಿನ ಜೇಬಿಗೆ ತುರುಕಿದೆ.
ಬಾಗಿಲ ಬಳಿ, ಕೈ ಕುಲುಕಬೇಕೋ ಬೇಡವೋ,
ಇಬ್ಬರೂ ಅರ್ಧ ಚಾಚಿ ಅರ್ಧಕ್ಕೇ ಹಿಂತೆಗೆದೆವು.
ಮೇಲೆ ಬಂದು ಅವರಿಗೆ ಐದು ನಕ್ಷತ್ರ ಕೊಟ್ಟೆ.
ಅವರೂ ಕೊಟ್ಟರು, ಜೊತೆಗೆ ಒಂದು ಸಾಲು:
'ಪ್ರಾಮಾಣಿಕ ಮಾರಾಟಗಾರ್ತಿ.'

ಏಪ್ರಿಲ್, ಎಂಟನೇ ನಂಬರ್ ಬಸ್ಸು.
ಮೊದಲು ಬೂಟು ಹತ್ತಿತು, ಆಮೇಲೆ ಸ್ಕೀ ಹಲಗೆ,
ಕೊನೆಗೆ ಮುಖ.
ನಾನು ಕಿಟಕಿ ನೋಡಿದೆ. ಅವರೂ ನೋಡಿದರು, ಅದೇ ಕಿಟಕಿ.
ಸೀಟಿನ ಕೆಳಗೆ ಎರಡೂ ಪಾದ ಒಳಗೆಳೆದುಕೊಂಡೆ.
ಎರಡು ನಿಲ್ದಾಣ ಹೀಗೇ ಹೋಯಿತು.
ಮೂರನೆಯದರಲ್ಲಿ ಇಳಿಯುವ ಮುನ್ನ ಬಾಗಿ,
ಉಳಿದವರಿಗೆ ಕೇಳದಷ್ಟು ಮೆಲ್ಲಗೆ:
'ಯಜಮಾನರ ಮಂಡಿ ಹೇಗಿದೆ?'

'ಪರವಾಗಿಲ್ಲ,' ಅಂದೆ.
'ಈಗ ಮೆಟ್ಟಿಲು ಹತ್ತುತ್ತಾರೆ.'